ಜೊತೆಯವನನ್ನು ಬಿಟ್ಟು ಹೋಗದ ಮೀನು

ಫ್ಲೋರಿಡಾದ ಕಡೆ ಮಾಹಿ ಮಾಹಿ (ಡಾಲ್ಫಿನ್‌ಫಿಶ್ ಅಂತಲೂ ಕರೆಯುವ ಕಡಲ ಮೀನು) ಹಿಡಿಯಲು ಹೋದವರಿಗೆಲ್ಲ ಗೊತ್ತಿರುವ ಒಂದು ಉಪಾಯ ಇದೆ. ಗುಂಪಿನ ಮೊದಲ ಮೀನು ಗಾಳಕ್ಕೆ ಸಿಕ್ಕಿದಾಗ ಅದನ್ನು ಬೋಟಿನ ಹತ್ತಿರಕ್ಕೆ ಎಳೆದು ತರುತ್ತಾರೆ, ಆದರೆ ಮೇಲೆ ಎತ್ತುವುದಿಲ್ಲ. ನೀರಲ್ಲೇ ಬಿಟ್ಟಿರುತ್ತಾರೆ. ಅದು ಅಲ್ಲೇ ಸುತ್ತು ಹಾಕುತ್ತಾ ಒದ್ದಾಡುತ್ತಿರುವಷ್ಟು ಹೊತ್ತು ಉಳಿದ ಗುಂಪು ಎಲ್ಲಿಗೂ ಹೋಗುವುದಿಲ್ಲ. ಬೋಟಿನ ಪಕ್ಕದಲ್ಲೇ ಸುಳಿದಾಡುತ್ತದೆ. ಅಷ್ಟರಲ್ಲಿ ಮಿಕ್ಕವರು ಸಣ್ಣ ರಾಡುಗಳಿಗೆ ಮೀನಿನ ತುಂಡು ಸಿಕ್ಕಿಸಿ ಒಂದೊಂದಾಗಿ ಹಿಡಿಯುತ್ತಾರೆ. ಎರಡನೆಯದು ಸಿಕ್ಕ ಮೇಲೆ ಮೊದಲನೆಯದನ್ನು ಮೇಲಕ್ಕೆತ್ತಿ ಎರಡನೆಯದನ್ನು ನೀರಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಮೂರನೆಯದರ ಸರದಿ. ಯಾವಾಗಲೂ ಒಂದು ಮೀನು ನೀರಲ್ಲಿ ಇರಬೇಕು, ಅಷ್ಟೇ.

ಈ ಉಪಾಯ ನನ್ನ ತಲೆಯಿಂದ ಹೋಗುತ್ತಿಲ್ಲ. ಗುಂಪು ಯಾಕೆ ನಿಲ್ಲುತ್ತದೆ? ಪ್ರೀತಿ, ಸ್ನೇಹ ಅಂತೆಲ್ಲ ಹೇಳುವಷ್ಟು ಮೀನಿನ ಮನಸ್ಸು ನಮಗೆ ಗೊತ್ತಿಲ್ಲ. ಒಂದು ಮೀನು ಜೋರಾಗಿ ಓಡಾಡಿದರೆ ಅಲ್ಲಿ ತಿನ್ನಲು ಏನೋ ಇದೆ ಅಂತ ಉಳಿದವಕ್ಕೆ ಅನ್ನಿಸಬಹುದು. ಆಸರೆಯೇ ಇಲ್ಲದ ನಡುಗಡಲಲ್ಲಿ ಗುಂಪಲ್ಲಿ ಇದ್ದರೆ ಕ್ಷೇಮ ಅನ್ನುವುದು ಅವುಗಳ ಹುಟ್ಟುಗುಣವೂ ಹೌದು. ಕಾರಣ ಏನೇ ಇರಲಿ, ಬದುಕಿಸಬೇಕಾದ ಗುಣವೇ ಇಲ್ಲಿ ಅವುಗಳನ್ನು ಒಂದೊಂದಾಗಿ ಬೋಟಿಗೆ ಹತ್ತಿಸುತ್ತದೆ. ಎಷ್ಟೋ ಮೀನುಗಳು ಒಂದೆರಡು ಸಿಕ್ಕ ಕೂಡಲೇ ಚದುರುತ್ತವೆ, ಆಳಕ್ಕೆ ಇಳಿಯುತ್ತವೆ, ಎರೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತಿಗೆ ಮುಗಿಯಿತು ಅಂತ ಅಲ್ಲಿ ಮೀನೇ ಹೇಳುತ್ತದೆ. ಮಾಹಿ ಹಾಗೆ ಹೇಳುವುದಿಲ್ಲ. ಹೇಳಬೇಕಾದವರು ಬೋಟಿನ ಮೇಲೆ ನಿಂತವರು. ನಾನು ಈ ಆಟವನ್ನು ತುಂಬಾ ಇಷ್ಟಪಡುತ್ತೇನೆ, ಬಿಡುವ ಯೋಚನೆಯೂ ಇಲ್ಲ. ಅದಕ್ಕೇ ಇದನ್ನು ಸರಿಯಾಗಿ ಯೋಚಿಸಬೇಕು ಅನ್ನಿಸಿದೆ.

ಅಲಿಗೇಟರ್ ರೀಫ್ ದಾಟಿದ ಮೇಲೆ

ನಾನು ಹೇಳುತ್ತಿರುವುದು ಇಸ್ಲಮೊರಾಡದ ಮಾತು. ಫ್ಲೋರಿಡಾದ ದಕ್ಷಿಣ ತುದಿಯ ಕೀಸ್ ಅನ್ನುವ ದ್ವೀಪಸಾಲಿನಲ್ಲಿ, ಮಯಾಮಿಯಿಂದ ಕೀ ವೆಸ್ಟ್‌ಗೆ ಹೋಗುವ ರಸ್ತೆಯಲ್ಲಿ ಸುಮಾರು ಅರ್ಧ ದಾರಿಗೆ ಸಿಗುವ ಊರು. ಜಗತ್ತಿನ ಗಾಳದ ಆಟಕ್ಕೆ ತಾನೇ ರಾಜಧಾನಿ ಅಂತ ಹೇಳಿಕೊಳ್ಳುತ್ತದೆ. ಆಫೀಸಿನ ಗೆಳೆಯರು ಒಂದಷ್ಟು ಜನ ಸೇರಿ ಚಾರ್ಟರ್ ಬೋಟು ಮಾಡಿಕೊಂಡಿದ್ದೆವು. ಇಡೀ ದಿನಕ್ಕೆ ಬಾಡಿಗೆ ಸಾವಿರ ಡಾಲರ್ ದಾಟುತ್ತದೆ, ಹಾಗಾಗಿ ಹಂಚಿಕೊಂಡು ಹೋಗುವುದೇ ವಾಸಿ. ಮೇ ತಿಂಗಳ ಕೊನೆ. ಬೆಳಗ್ಗೆ ಏಳಕ್ಕೇ ಸೆಕೆ. 1873ರಲ್ಲಿ ಕಟ್ಟಿದ ಅಲಿಗೇಟರ್ ರೀಫ್‌ನ ಕಬ್ಬಿಣದ ದೀಪಸ್ತಂಭದವರೆಗೆ ನೀರು ತಿಳಿಹಸಿರು, ಕೆಳಗಿನ ಮರಳು, ಹವಳ ಎಲ್ಲ ಕಾಣುತ್ತದೆ. ಅದನ್ನು ದಾಟಿದ ಮೇಲೆ ತಳ ಇಳಿಯುತ್ತಾ ಹೋಗುತ್ತದೆ, ನೀರಿನ ಬಣ್ಣ ಕಡುನೀಲಿಗೆ ತಿರುಗುತ್ತದೆ. ಗಲ್ಫ್ ಸ್ಟ್ರೀಮ್‌ನ ಬೆಚ್ಚನೆಯ ಪ್ರವಾಹ ಅಲ್ಲಿಂದಲೇ ಹಾದುಹೋಗುತ್ತದೆ. ಮಾಹಿ ಇರುವುದು ಆ ನೀಲಿಯಲ್ಲಿ.

ಆದರೆ ಆ ನೀಲಿಯಲ್ಲಿ ಎಲ್ಲಿ ಅಂತ ಹುಡುಕುವುದು? ನನಗೆ ಈ ಆಟದಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಈ ಹುಡುಕಾಟವೇ. ಕ್ಯಾಪ್ಟನ್ ಮೇಲಿನ ಅಟ್ಟದಲ್ಲಿ ನಿಂತು ಮೊದಲು ನೋಡುವುದು ಆಕಾಶವನ್ನು. ಕವಲು ಬಾಲದ, ಉದ್ದ ರೆಕ್ಕೆಯ ಫ್ರಿಗೇಟ್ ಹಕ್ಕಿ ತುಂಬಾ ಎತ್ತರದಲ್ಲಿ ತೇಲುತ್ತಿದ್ದರೆ ಅದೂ ಹುಡುಕುತ್ತಿದೆ ಅಂತ ಅರ್ಥ. ಕೆಳಗೆ ಇಳಿದು ಒಂದೇ ಕಡೆ ಸುತ್ತುತ್ತಿದ್ದರೆ ಅದಕ್ಕೆ ಏನೋ ಕಂಡಿದೆ. ಕೆಳಗಿನಿಂದ ಮಾಹಿ ಅಟ್ಟಿಸಿಕೊಂಡು ಬಂದಾಗ ಹಾರುಮೀನುಗಳು ನೀರಿಂದ ಮೇಲೆ ಹಾರುತ್ತವೆ, ಅವನ್ನು ಗಾಳಿಯಲ್ಲೇ ಹಿಡಿಯಲು ಈ ಹಕ್ಕಿ ಕಾಯುತ್ತಿರುತ್ತದೆ. ಹಕ್ಕಿ ಸಿಗದಿದ್ದರೆ ತೇಲುವ ಪಾಚಿಯ ಸಾಲು ನೋಡಬೇಕು. ಸಾರ್ಗಾಸಮ್ ಅನ್ನುವ ಈ ಕಂದುಹಳದಿ ಪಾಚಿಗೆ ಬೇರು ಇಲ್ಲ, ನೆಲದ ಹಂಗೂ ಇಲ್ಲ. ಗಾಳಿ, ಪ್ರವಾಹ ಸೇರಿ ಅದನ್ನು ಮೈಲಿಗಟ್ಟಲೆ ಉದ್ದದ ಗೆರೆ ಮಾಡಿಬಿಡುತ್ತವೆ. ಅದರೊಳಗೆ ಬೆರಳಿನ ಉಗುರಿನಷ್ಟು ಏಡಿ, ಸಿಗಡಿ, ಮರಿ ಮೀನು, ಆಗಷ್ಟೇ ಕಡಲಿಗೆ ಬಂದ ಆಮೆಮರಿ, ಎಲ್ಲಾ ಇರುತ್ತವೆ. ತಿನ್ನಲು ಇಷ್ಟೆಲ್ಲ ಇದ್ದ ಮೇಲೆ ಮಾಹಿ ಕೆಳಗೆ ಇರಲೇಬೇಕು ಅಲ್ವಾ? ಒಂದು ಮುರಿದ ಹಲಗೆ, ತೇಲುವ ಬಕೆಟ್, ಹಗ್ಗದ ಉಂಡೆ ಕೂಡ ಸಾಕು. ನಡುಗಡಲಲ್ಲಿ ಯಾವ ಚೂರು ನೆರಳು ಸಿಕ್ಕರೂ ಅವು ಬಂದು ಸೇರುತ್ತವೆ.

(ಈಗ ಪಾಚಿ ಜಾಸ್ತಿ ಆದ ಕಷ್ಟವೂ ಇದೆ. 2011ರಿಂದ ಅಟ್ಲಾಂಟಿಕ್‌ನಲ್ಲಿ ಪಾಚಿಯ ದೊಡ್ಡ ಪಟ್ಟಿಯೇ ಬೆಳೆಯುತ್ತಿದೆ. 2018ರ ಜೂನ್‌ನಲ್ಲಿ ಅದು ಪಶ್ಚಿಮ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದ ಇದ್ದದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತ್ತು. ಎಲ್ಲಾ ಕಡೆ ಪಾಚಿ ಇದ್ದರೆ ಮೀನು ಯಾವ ಸಾಲಿನ ಕೆಳಗೆ ಅಂತ ಹುಡುಕುವುದು? ಎಳೆದ ದಾರಕ್ಕೆಲ್ಲ ಪಾಚಿಯೇ ಸುತ್ತಿಕೊಳ್ಳುತ್ತದೆ.)

ಅವತ್ತು ನಮಗೆ ಸಿಕ್ಕಿದ್ದು ಒಂದು ಹಲಗೆ. ಕ್ಯಾಪ್ಟನ್ ಬೋಟನ್ನು ಅದರ ಪಕ್ಕದಲ್ಲಿ ನಿಧಾನ ಹಾಯಿಸಿದ. ಹಿಂದೆ ಎಳೆಯುತ್ತಿದ್ದ ಗಾಳಗಳಲ್ಲಿ ಬ್ಯಾಲಿಹೂ ಕಟ್ಟಿತ್ತು. ಕೆಳದವಡೆ ಮುಳ್ಳಿನ ಹಾಗೆ ಮುಂದಕ್ಕೆ ಚಾಚಿಕೊಂಡ ಸಣ್ಣ ಬೆಳ್ಳಿ ಮೀನು ಅದು. ರೀಲು ಕಿರುಚಿತು, ರಾಡು ಬಾಗಿತು, ದೂರದಲ್ಲಿ ಮೀನು ನೀರಿಂದ ಪೂರ್ತಿ ಮೇಲೆ ಹಾರಿ ಬಿತ್ತು. ರಾಡು ನನ್ನ ಕೈಗೆ ಬಂತು. ಎಳೆದೆಳೆದು ಹತ್ತಿರ ತಂದಾಗ ಮೇಟ್ ಹುಡುಗ, ಅಂದರೆ ಕ್ಯಾಪ್ಟನ್‌ನ ಸಹಾಯಕ, ಮೀನು ಎತ್ತುವ ಗ್ಯಾಫ್ ಕೊಕ್ಕೆ ತೆಗೆದುಕೊಳ್ಳಲೇ ಇಲ್ಲ. ರಾಡನ್ನು ನನ್ನಿಂದ ತೆಗೆದುಕೊಂಡು ಬೋಟಿನ ಅಂಚಿನ ಹೋಲ್ಡರಿನಲ್ಲಿ ನಿಲ್ಲಿಸಿದ. "ಇದು ಇಲ್ಲೇ ಇರಲಿ" ಅಂದ.

ಉಳಿದವರೆಲ್ಲ ಸಣ್ಣ ರಾಡು ಹಿಡಿದು ಆ ಬದಿಗೆ ಓಡಿದರು. ನಾನು ಅಲ್ಲೇ ನಿಂತು ಬಗ್ಗಿ ನೋಡುತ್ತಿದ್ದೆ. ಒಂದು ಕೈ ಆಳದಲ್ಲಿ ಮೀನು. ಹೆಣ್ಣು ಅದು. ಗಂಡಿಗೆ ಹಣೆ ಗೋಡೆಯಂತೆ ನೆಟ್ಟಗೆ ಇರುತ್ತದೆ, ಇದರದ್ದು ದುಂಡಗೆ ಇತ್ತು. ಹೊಟ್ಟೆಯ ಕಡೆ ಹಳದಿ, ಮೇಲಕ್ಕೆ ಹೋದ ಹಾಗೆ ಹಸಿರು, ಬೆನ್ನು ನೀಲಿ, ಮೈತುಂಬಾ ನೀಲಿ ಚುಕ್ಕೆ. ಪಕ್ಕದ ರೆಕ್ಕೆಗಳ ನೀಲಿಯಂತೂ ನೀರಿನೊಳಗಿಂದಲೇ ಕಣ್ಣು ಕುಕ್ಕುತ್ತಿತ್ತು. ಗಾಳದ ದಾರ ಎಷ್ಟು ಬಿಡುತ್ತದೋ ಅಷ್ಟು ದೂರ ಹೋಗಿ ತಿರುಗಿ ಬರುತ್ತಿತ್ತು. ಆಗ ಕೆಳಗಿನ ನೀಲಿಯಿಂದ ಉಳಿದವು ಒಂದೊಂದಾಗಿ ಮೇಲೆ ಬಂದವು. ಅದರಲ್ಲಿ ಒಂದು ಮೀನು ಮಾತ್ರ ಗಾಳಕ್ಕೆ ಸಿಕ್ಕಿದ್ದರ ಪಕ್ಕಕ್ಕೆ ಬಂದು ಅಂಟಿಕೊಂಡಿತು. ಇದು ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ. ಇದು ನಿಂತರೆ ಅದೂ ನಿಲ್ಲುತ್ತಿತ್ತು. ಅದರ ಮೈ ಮೇಲೆ ಕಪ್ಪುನೀಲಿ ಪಟ್ಟೆಗಳು ಬಂದು ಬಂದು ಹೋಗುತ್ತಿದ್ದವು. ಉದ್ರೇಕ ಆದಾಗ ಮಾಹಿಗೆ ಹಾಗೆ ಪಟ್ಟೆ ಏಳುತ್ತದೆ. ಹಾಸನದ ಗೆಳೆಯನೊಬ್ಬ ಅದರ ಮೂತಿಯ ಮುಂದೆ ಎರೆ ಬಿಟ್ಟ. ಅದು ತಿನ್ನಲಿಲ್ಲ. ಇನ್ನೊಂದು ಬಂದು ಕಚ್ಚಿತು. ಮೇಟ್ ಮೊದಲ ಮೀನಿಗೆ ಕೊಕ್ಕೆ ಹಾಕಿ ಎತ್ತಿದ. ಪಕ್ಕದಲ್ಲಿದ್ದದ್ದು ನೀರಿನ ಮೇಲ್ಮೈವರೆಗೆ ಅದರ ಜೊತೆಗೇ ಬಂತು, ಬೆನ್ನಿನ ರೆಕ್ಕೆ ಗಾಳಿಗೆ ಕಂಡಿತು. ಒಂದು ಕ್ಷಣ ಅಲ್ಲೇ ಸುತ್ತಿ, ಮುಂದೆ ಬಿದ್ದ ಎರೆಯನ್ನು ನುಂಗಿತು. "ಇನ್ನೂ ಇವೆ ಗುರು, ಹಾಕು ಹಾಕು!" ಅಂತ ಗೆಳೆಯ ಕೂಗುತ್ತಿದ್ದ.

ಆ ಸಂತೋಷ ಸುಳ್ಳಲ್ಲ. ಎಲ್ಲರ ರಾಡೂ ಬಾಗಿದ್ದವು, ಮಕ್ಕಳು ಕುಣಿಯುತ್ತಿದ್ದರು, ನನ್ನ ಎದೆಯೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅದರ ನಡುವೆಯೇ ಆ ಜೊತೆಗಾರ ಮೀನು ಮನಸ್ಸಿನಲ್ಲಿ ಕೂತುಬಿಟ್ಟಿತು.

ಬೇಗ ಬೆಳೆಯುತ್ತದೆ, ಅಲ್ವಾ?

ಈ ಮಾತು ತೆಗೆದರೆ ಬಂದರಿನಲ್ಲಿ ಯಾರಾದರೂ ಹೇಳುವ ಉತ್ತರ ಒಂದೇ. ಮಾಹಿ ಬೇಗ ಬೆಳೆಯುತ್ತದೆ, ಚಿಂತೆ ಯಾಕೆ? ಈ ಮಾತಿನಲ್ಲಿ ಸತ್ಯ ಇದೆ. ಇಷ್ಟು ಬೇಗ ಬೆಳೆಯುವ ಮೀನು ಕಡಲಲ್ಲಿ ಕಡಿಮೆ. ಒಂದು ವರ್ಷ ತುಂಬುವಷ್ಟರಲ್ಲಿ ಮೂರು ನಾಲ್ಕು ಅಡಿ ಮುಟ್ಟಬಹುದು. ನಾಲ್ಕೈದು ತಿಂಗಳಿಗೇ ಮೊಟ್ಟೆ ಇಡಲು ಶುರು ಮಾಡುತ್ತದೆ. ನೀರು ಬೆಚ್ಚಗಿದ್ದರೆ ಎರಡು ಮೂರು ದಿನಕ್ಕೊಮ್ಮೆ ಮೊಟ್ಟೆ ಇಡಬಲ್ಲದು, ಲೆಕ್ಕ ಹಾಕಿದರೆ ಲಕ್ಷಗಟ್ಟಲೆ. ಆಯಸ್ಸು ಮಾತ್ರ ಚಿಕ್ಕದು. ನಾಲ್ಕೈದು ವರ್ಷ ಬದುಕಿದರೆ ಅದೇ ಹೆಚ್ಚು, ಬಹಳಷ್ಟು ಎರಡು ವರ್ಷ ದಾಟುವುದಿಲ್ಲ. 1976ರಲ್ಲಿ ಕೋಸ್ಟರಿಕಾದ ಪಪಗಾಯೋ ಕೊಲ್ಲಿಯಲ್ಲಿ ಹಿಡಿದ 87 ಪೌಂಡಿನ ಮಾಹಿಯ ಬಗ್ಗೆ ಗಾಳದವರು ಇವತ್ತಿಗೂ ಮಾತಾಡುತ್ತಾರೆ. ಅಷ್ಟು ದೊಡ್ಡದಾದ ಆ ಮೀನಿಗೂ ವಯಸ್ಸು ಬೆರಳೆಣಿಕೆಯಷ್ಟೇ ಇದ್ದಿರಬೇಕು.

ಅಂದರೆ ಈ ಮೀನು ಬಹಳ ಹೊಡೆತ ತಡೆದುಕೊಳ್ಳುತ್ತದೆ. ಆದರೆ ತಡೆದುಕೊಳ್ಳುವುದು ಬೇರೆ, ಲೆಕ್ಕವೇ ಬೇಡ ಅನ್ನುವುದು ಬೇರೆ. ಮಾಹಿಗೆ ಯಾವ ದೇಶದ ಗಡಿಯೂ ಇಲ್ಲ. ಕೆರಿಬಿಯನ್‌ನಲ್ಲಿ ಇದ್ದದ್ದು ಪ್ರವಾಹದ ಜೊತೆ ಫ್ಲೋರಿಡಾಕ್ಕೆ, ಅಲ್ಲಿಂದ ಕೆರೊಲಿನಾಗಳ ಕಡೆಗೆ ಹೋಗುತ್ತದೆ. ಒಬ್ಬರ ಉಗ್ರಾಣ ಅಂತ ಎಣಿಸಲು ಬರುವುದಿಲ್ಲ. ಕೆಲವು ವರ್ಷಗಳಿಂದ ಕೀಸ್‌ನ ಕ್ಯಾಪ್ಟನ್‌ಗಳೇ, ದೊಡ್ಡ ಮೀನು ಮೊದಲಿನಷ್ಟು ಸಿಗುತ್ತಿಲ್ಲ, ಬರೀ ಸಣ್ಣವು ಅಂತ ಸಭೆಗಳಲ್ಲಿ ಎದ್ದು ಹೇಳುತ್ತಾ ಬಂದಿದ್ದಾರೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆ ಆಯಿತಲ್ಲ, ಆಮೇಲೆ ಮಯಾಮಿ ವಿಶ್ವವಿದ್ಯಾಲಯದ ಸಂಶೋಧಕರು ಎಳೆಯ ಮಾಹಿಗಳನ್ನು ಆ ಎಣ್ಣೆಯ ಅಂಶ ಇದ್ದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದರು. ಅವು ಉಳಿದ ಮೀನುಗಳಷ್ಟು ಜೋರಾಗಿ ಈಜಲಿಲ್ಲ. ಓಟವೇ ಬದುಕು ಆಗಿರುವ ಮೀನಿಗೆ ಅದು ಸಣ್ಣ ಪೆಟ್ಟಲ್ಲ. ಬೇಗ ಬೆಳೆಯುವುದು ಇದಕ್ಕೆಲ್ಲ ಉತ್ತರ ಆಗುವುದಿಲ್ಲ.

ನನಗೆ ಅತಿ ಆಶ್ಚರ್ಯ ಆದ ವಿಷಯ ಇನ್ನೊಂದು. ಅಮೆರಿಕದ ಅಟ್ಲಾಂಟಿಕ್ ಕಡೆ ಮಾಹಿ ಹಿಡಿಯುವ ಮಿತಿಯನ್ನು ಹಂಚುವಾಗ ನೂರರಲ್ಲಿ 93 ಪಾಲು ಇಟ್ಟಿರುವುದು ಆಟಕ್ಕೆ ಹಿಡಿಯುವವರಿಗೆ. ಮಾರಲು ಹಿಡಿಯುವವರಿಗೆ ಉಳಿದ 7. ನಮ್ಮ ಕರಾವಳಿಯಲ್ಲಿ ಹುಟ್ಟಿದವನಿಗೆ ಇದು ತಲೆಕೆಳಗಾದ ಲೆಕ್ಕ. ಮೀನು ಕಡಿಮೆಯಾಯಿತು ಅಂದರೆ ಟ್ರಾಲ್ ಬೋಟು, ಪರ್ಸೀನ್ ಬಲೆ ಅಂತ ಬೆರಳು ತೋರಿಸಿ ಬೆಳೆದವರು ನಾವು. ಇಲ್ಲಿ ಆ ಬೆರಳು ತಿರುಗುವುದು ಭಾನುವಾರ ಟೋಪಿ ಹಾಕಿಕೊಂಡು ಬಂದ ನಮ್ಮಂಥವರ ಕಡೆಗೆ. ಒಬ್ಬೊಬ್ಬರು ಹಿಡಿಯುವುದು ಸ್ವಲ್ಪವೇ. ಆದರೆ ಬೇಸಿಗೆಯ ಒಂದು ಒಳ್ಳೆಯ ದಿನ ಕೀಸ್‌ನಿಂದ ಹೊರಡುವ ಬೋಟುಗಳ ಸಾಲು ನೋಡಬೇಕು.

ನಿಯಮ ಇಲ್ಲವೇ ಅಂದರೆ ಇದೆ. ಫ್ಲೋರಿಡಾದಲ್ಲಿ ಮೂತಿಯಿಂದ ಬಾಲದ ಕವಲಿನವರೆಗೆ 20 ಇಂಚು ಇಲ್ಲದ ಮಾಹಿಯನ್ನು ಅಟ್ಲಾಂಟಿಕ್ ಕಡೆ ಇಟ್ಟುಕೊಳ್ಳುವ ಹಾಗಿಲ್ಲ. 2022ರ ಮೇ 1ರಿಂದ ರಾಜ್ಯದ ನೀರಿನಲ್ಲಿ ಒಬ್ಬರಿಗೆ ದಿನಕ್ಕೆ 5, ಒಂದು ಬೋಟಿಗೆ 30 ಅಂತ ಇಳಿಸಿದರು. ಮೊದಲು ಒಬ್ಬರಿಗೆ 10 ಇತ್ತು. ಆದರೆ ಅಟ್ಲಾಂಟಿಕ್ ಕಡೆ ರಾಜ್ಯದ ನೀರು ತೀರದಿಂದ ಮೂರು ಮೈಲಿಗೆ ಮುಗಿಯುತ್ತದೆ. ಮಾಹಿ ಇರುವುದು ಅದರಾಚೆ. ಅಲ್ಲಿ ಕೇಂದ್ರದ ನಿಯಮ. ಅದೇ ವರ್ಷ ಅದರಲ್ಲಿ ಬೋಟಿನ ಮಿತಿಯನ್ನು 60ರಿಂದ 54ಕ್ಕೆ ಇಳಿಸಿದರು, ಒಬ್ಬರಿಗೆ 10 ಹಾಗೇ ಉಳಿಯಿತು. ಒಂದು ಬೋಟಿಗೆ 54 ಮೀನು! ನನ್ನ ಪ್ರಕಾರ ಇದು ತೀರಾ ಜಾಸ್ತಿ. ರಾಜ್ಯದ 5 ಸರಿಯಾದ ಸಂಖ್ಯೆ, ಅದನ್ನೇ ಹೊರಗಿನ ನೀರಿಗೂ ಹಾಕಬೇಕು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಮಿತಿ ಅಂತ ಬರೆದದ್ದು ಬೋಟಿನಲ್ಲಿ ಗುರಿ ಆಗಿಬಿಡುತ್ತದೆ. ಹತ್ತು ಬಿಟ್ಟಿದ್ದಾರೆ ಅಂದ ಮೇಲೆ ಏಳಕ್ಕೆ ನಿಲ್ಲಿಸಿದವನು ಏನೋ ಕಳೆದುಕೊಂಡವನ ಹಾಗೆ ಮುಖ ಮಾಡುತ್ತಾನೆ. ದುಡ್ಡು ಕೊಟ್ಟಿದ್ದೇವೆ, ಮೀನು ಇನ್ನೂ ಅಲ್ಲೇ ಇದೆ, ಯಾಕೆ ನಿಲ್ಲಿಸುವುದು?

ಹಲಗೆಗೆ ನೇತುಹಾಕಿದ ಮೇಲೆ

ಬಂದರಿಗೆ ಬಂದ ಮೇಲೆ ಮೊದಲ ಕೆಲಸ ಫೋಟೋ. ಮೊಳೆ ಹೊಡೆದ ಒಂದು ಹಲಗೆ ಇರುತ್ತದೆ, ಅದಕ್ಕೆ ಮೀನುಗಳನ್ನು ಸಾಲಾಗಿ ನೇತುಹಾಕಿ ಹಿಡಿದವರೆಲ್ಲ ಹಿಂದೆ ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ಬಣ್ಣ ಎಲ್ಲಿರುತ್ತದೆ? ಜೀವ ಇರುವಾಗ ಮಾಹಿಯ ಚರ್ಮದ ಬಣ್ಣದ ಕೋಶಗಳನ್ನು ನರಗಳು ಆಡಿಸುತ್ತಿರುತ್ತವೆ. ಸಾಯುವಾಗ ಬಣ್ಣ ಅಲೆಅಲೆಯಾಗಿ ಬದಲಾಗುತ್ತದೆ. ಒಮ್ಮೆ ಪೂರ್ತಿ ಬೆಳ್ಳಿ, ಮತ್ತೆ ಹಳದಿ, ಮತ್ತೆ ನೀಲಿ ಚುಕ್ಕೆ ಎದ್ದು ಕಾಣುತ್ತದೆ. ಆಮೇಲೆ ಎಲ್ಲಾ ಆರಿ ಮಂಕು ಬೂದು ಹಳದಿ ಉಳಿಯುತ್ತದೆ. ಬೋಟಿನಲ್ಲಿ ಇದನ್ನು ನಿಂತು ನೋಡಲು ಸಮಯ ಕೊಡುವುದಿಲ್ಲ, ಕೊಡಲೂ ಬಾರದು. ಮಾಹಿಯನ್ನು ಎತ್ತಿದ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಬೇಕು. ಬಿಸಿಲಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮೀನ್ ಹೆಚ್ಚಾಗಿ ತಿಂದವರಿಗೆ ಮೈ ಕೆಂಪಾಗುವುದು, ತಲೆನೋವು, ವಾಂತಿ ಎಲ್ಲ ಬರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ನಾವು ನೋಡಲೆಂದೇ ಹೋದ ಬಣ್ಣ ಐಸಿನ ಕತ್ತಲಲ್ಲಿ ಮುಗಿಯುತ್ತದೆ. ಫೋಟೋದಲ್ಲಿ ಬರುವುದು ಬೂದು ಮೀನು.

ಮೇಟ್ ಹುಡುಗನ ಚಾಕು ಚುರುಕು. ಕಿವಿರಿನ ಹಿಂದೆ ಒಂದು ಗೀರು, ಬೆನ್ನುಮೂಳೆಗುಂಟ ಒಂದೇ ಎಳೆತ, ಚರ್ಮ ಬಟ್ಟೆಯಂತೆ ಕಿತ್ತು ಬಂತು. ಮಕ್ಕಳು ಕೇಳಿದರು ಅಂತ ಒಂದರ ಹೊಟ್ಟೆಯನ್ನೂ ಸೀಳಿ ತೋರಿಸಿದ. ಪಾಚಿಯ ಪುಟ್ಟ ಏಡಿಗಳು, ಅರ್ಧ ಕರಗಿದ ಹಾರುಮೀನು, ಒಂದು ಚೂರು ನೀಲಿ ಪ್ಲಾಸ್ಟಿಕ್, ಜೊತೆಗೆ ಕೈಬೆರಳುದ್ದದ ಒಂದು ಮಾಹಿ ಮರಿ. ಹೌದು, ದೊಡ್ಡವು ಸಣ್ಣವನ್ನು ತಿನ್ನುತ್ತವೆ. ಜೊತೆಗಾರ ಅಂತ ನಾನು ಕಥೆ ಕಟ್ಟುತ್ತಿದ್ದ ಮೀನಿನ ಹೊಟ್ಟೆಯಲ್ಲಿ ಅದರ ಜಾತಿಯ ಮರಿ. ಕಡಲಿನ ನೀತಿ ನಮ್ಮ ನೀತಿ ಅಲ್ಲ. ಆದರೂ ಅದರಿಂದ ನನ್ನ ಪ್ರಶ್ನೆ ಕರಗಲಿಲ್ಲ. ಅದು ಹಸಿವಾದಾಗ ತಿಂದಿತ್ತು. ನಮ್ಮ ಐಸ್ ಪೆಟ್ಟಿಗೆಯ ಮುಚ್ಚಳ ಮಾತ್ರ ಮುಚ್ಚುತ್ತಿರಲಿಲ್ಲ.

ಚೀಲಗಳನ್ನು ಹಂಚಿಕೊಂಡೆವು. ತಾಜಾ ಮಾಹಿಗೆ ಸಾಟಿ ಇಲ್ಲ, ಗಟ್ಟಿ ಮಾಂಸ, ಮುಳ್ಳಿನ ಕಾಟ ಇಲ್ಲ, ಗಸಿಗೆ ಹಾಕಿದರೂ ಒಡೆಯುವುದಿಲ್ಲ. ಮೊದಲ ವಾರ ಎಲ್ಲರ ಮನೆಯಲ್ಲೂ ಹಬ್ಬ. ಆಮೇಲೆ ಅಕ್ಕಪಕ್ಕದವರಿಗೆ ಕೊಟ್ಟೆವು. ಹಾಸನದ ಗೆಳೆಯನ ಫ್ರೀಜರಿನಲ್ಲಿ ದೀಪಾವಳಿಯ ತನಕವೂ ಎರಡು ಚೀಲ ಇದ್ದವು, ಅಂಚು ಒಣಗಿ ಬಿಳಿಚಿಕೊಂಡು.

ಗಂಗೊಳ್ಳಿಯ ಪ್ರಶ್ನೆ

ಫೋಟೋವನ್ನು ಗಂಗೊಳ್ಳಿಯಲ್ಲಿರುವ ಚಿಕ್ಕಪ್ಪನಿಗೆ ಕಳಿಸಿದ್ದೆ. ಜೀವನ ಪೂರ್ತಿ ಬೋಟಿನಲ್ಲಿ ದುಡಿದವರು. ಫೋನ್ ಮಾಡಿ ಮೀನು ಚಂದ ಇದೆ ಅಂದರು, ತಲೆ ನೋಡಿ ಯಾವುದು ಗಂಡು ಅಂತ ಕೇಳಿದರು. ಆಮೇಲೆ, "ಅಷ್ಟ್ ಮೀನ್ ಎಂತಕ್ಕಾ? ಮಾರೂಕಾ?" ಅಂದರು. ಪರವಾನಗಿ ಇಲ್ಲದೆ ಮಾರುವ ಹಾಗಿಲ್ಲ ಚಿಕ್ಕಪ್ಪ, ಸುಮ್ನೆ ಆಟಕ್ಕೆ ಅಂದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. "ಈಗ ನಿಮ್ಮಲ್ಲಿ ಬಂದ್ ಇಲ್ಯಾ?" ಅಂತ ಮಾತ್ರ ಕೇಳಿದರು.

ಅವರು ಕೇಳಿದ್ದು ಮಳೆಗಾಲದ ನಿಷೇಧದ ಬಗ್ಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಬಲೆ ಹೊಲಿಯುತ್ತಾ, ಸಾಲದ ಕಂತು ನೆನೆಯುತ್ತಾ ಕೂರಬೇಕು. ಕಷ್ಟ ಇದೆ, ಗೊಣಗಾಟ ಇದೆ, ಆದರೂ ಕೂರುತ್ತಾರೆ. ಕೀಸ್‌ನಲ್ಲಿ ಮಾಹಿಯ ಭರಾಟೆ ಇರುವುದೂ ಸರಿಯಾಗಿ ಮೇಯಿಂದ ಜುಲೈವರೆಗೇ. ಹೊಟ್ಟೆಪಾಡಿಗೆ ಹಿಡಿಯುವವರು ಎರಡು ತಿಂಗಳು ಕೈ ಕಟ್ಟಿ ಕೂರುವಾಗ, ಆಟಕ್ಕೆ ಹಿಡಿಯುವ ನಮಗೆ ಒಂದು ದಿನದ ನಡುವೆ ನಿಲ್ಲಿಸುವುದು ಯಾಕೆ ಇಷ್ಟು ಕಷ್ಟ? ನಮ್ಮ ಊರು ಇದರಲ್ಲಿ ಎಲ್ಲಾ ಸರಿ ಅಂತ ಹೇಳುತ್ತಿಲ್ಲ. ಒಣಗಿದ ತೆಂಗಿನ ಗೊನೆಗಳನ್ನು ಕಟ್ಟಿ ಕಡಲಿಗೆ ಇಳಿಸಿ, ಅದಕ್ಕೆ ಮೊಟ್ಟೆ ಇಡಲು ಬರುವ ಕಪ್ಪೆ ಬೊಂಡಾಸಗಳನ್ನು (ಕಟಲ್‌ಫಿಶ್) ಹಿಡಿಯುವ ಪದ್ಧತಿ ನಮ್ಮ ಕರಾವಳಿಗೂ ಬಂದಿದೆ. ಅದರ ಬಗ್ಗೆ ಮೀನುಗಾರರ ನಡುವೆಯೇ ಜಗಳ ಆಗಿದೆ. ಮೊಟ್ಟೆಯ ತಾಯಿಯನ್ನೇ ಹಿಡಿದರೆ ಮುಂದೇನು ಅಂತ ವಿಜ್ಞಾನಿಗಳೂ ಎಚ್ಚರಿಸಿದ್ದಾರೆ. ನಂಬಿ ಹತ್ತಿರ ಬರುವ ಜೀವವನ್ನು ಹಿಡಿಯುವುದು ಎಲ್ಲಾ ಕಡಲಲ್ಲೂ ಸುಲಭ.

ಹಾಗಂತ ಒಂದನ್ನು ನೀರಲ್ಲಿ ಬಿಡುವ ಉಪಾಯವನ್ನು ನಿಷೇಧಿಸಿ ಅಂತ ನಾನು ಹೇಳುವುದಿಲ್ಲ. ಹಿಡಿಯಬೇಕಾದ ಮೀನನ್ನು ಬೇಗ ಹಿಡಿದು ಮುಗಿಸುವುದು, ಡೀಸೆಲ್ ಸುಟ್ಟು ಇಡೀ ದಿನ ಸುತ್ತುವುದಕ್ಕಿಂತ ಒಳ್ಳೆಯದೇ. ನನ್ನ ಬೇಡಿಕೆ ಒಂದೇ. ಎಷ್ಟು ಸಾಕು ಅನ್ನುವುದನ್ನು ಬಂದರು ಬಿಡುವ ಮೊದಲೇ ಮಾತಾಡಿಕೊಳ್ಳಬೇಕು. ಗುಂಪು ಬೋಟಿನ ಪಕ್ಕದಲ್ಲಿ ಹೊಳೆಯುತ್ತಿರುವಾಗ, ಎಲ್ಲರ ಕೈಯಲ್ಲೂ ರಾಡು ಇರುವಾಗ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಾನು ಈಗ ಬೋಟು ಗೊತ್ತುಮಾಡುವಾಗಲೇ ಕ್ಯಾಪ್ಟನ್‌ಗೆ ಹೇಳುತ್ತೇನೆ: ಮನೆಗೆ ಇಷ್ಟು ಮೀನು, ಅದಾದ ಮೇಲೆ ಕೊನೆಯದನ್ನು ಎತ್ತಿ ಎಂಜಿನ್ ಶುರು ಮಾಡಿ. ಬೇಸರ ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಇಲ್ಲ, ಖುಷಿಯಿಂದಲೇ ಒಪ್ಪುತ್ತಾರೆ. ಮುಂದಿನ ವರ್ಷವೂ ಮೀನು ಬೇಕಾಗಿರುವುದು ನಮಗಿಂತ ಮೊದಲು ಅವರಿಗೆ.

ಈ ಜೂನ್‌ನಲ್ಲಿ ಅಕ್ಕ ಭಾವ ಮಗಳನ್ನು ಕರೆದುಕೊಂಡು ಕುಂದಾಪುರದಿಂದ ಬರುತ್ತಿದ್ದಾರೆ. ಮಾಹಿ ಹಿಡಿಯಬೇಕು ಅಂತ ಈಗಲೇ ಹಟ ಹಿಡಿದಿದ್ದಾಳೆ. ಬೋಟು ಗೊತ್ತುಮಾಡಿ ಆಗಿದೆ, ಮನೆಗೆ ಎಷ್ಟು ಅಂತಲೂ ಹೇಳಿ ಆಗಿದೆ. ಆಮೇಲೆ ಉಳಿಯುವ ಹೊತ್ತಿಗೆ ಕ್ಯಾಪ್ಟನ್ ಒಂದು ದಾರಿ ತೋರಿಸಿದರು. ಮಾಹಿಗಳಿಗೆ ಗುರುತಿನ ಚೀಟಿ ಚುಚ್ಚಿ ಬಿಡುವ ಡಾಲ್ಫಿನ್‌ಫಿಶ್ ರಿಸರ್ಚ್ ಪ್ರೋಗ್ರಾಂ ಅಂತ ಒಂದು ಕಾರ್ಯಕ್ರಮ ಇದೆ, ಅದರಲ್ಲಿ ಕೆಲಸ ಮಾಡುವವರು ನಮ್ಮಂಥ ಗಾಳದವರೇ. ಕೀಸ್‌ನಲ್ಲಿ ಚೀಟಿ ಚುಚ್ಚಿದ ಮೀನು ಕೆಲವೇ ವಾರಗಳಲ್ಲಿ ಕೆರೊಲಿನಾದ ಕಡೆ ಇನ್ನೊಬ್ಬರ ಗಾಳಕ್ಕೆ ಸಿಕ್ಕಿದ ಉದಾಹರಣೆಗಳಿವೆ. ಸಣ್ಣ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು, ಬೆನ್ನಿನ ರೆಕ್ಕೆಯ ಕೆಳಗೆ ಚೀಟಿ ಚುಚ್ಚಬೇಕು, ತಡ ಮಾಡದೆ ನೀರಿಗೆ ಬಿಡಬೇಕು. ಅಳತೆ, ಜಾಗ, ಚೀಟಿಯ ನಂಬರ್ ಎಲ್ಲವನ್ನೂ ಒಂದು ಕಾರ್ಡಿನಲ್ಲಿ ಬರೆಯಬೇಕು. ಬರೆಯುವ ಕೆಲಸ ತನ್ನದು ಅಂತ ಹುಡುಗಿ ಫೋನಿನಲ್ಲೇ ಹೇಳಿದ್ದಾಳೆ. ಮೀನು ಮತ್ತೆ ಸಿಕ್ಕರೆ ನಮಗೆ ತಿಳಿಸುತ್ತಾರಾ ಅಂತ ಕೇಳಿದಳು. ತಿಳಿಸುತ್ತಾರೆ ಅಂದೆ.